ಸರಿದೂಗಿಸಿ ಬರೆಯಿರಿ

ಕಳೆದ ಆಟಿ ತಿಂಗಳಲ್ಲಿ ಒಂದು ದಿನ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ಮಳೆಯ ರಜೆ ಕೊಟ್ಟಿದ್ದರಿಂದ, ಬ್ರಹ್ಮಾವರದ ತಂಗಿಯ ಮನೆಯಲ್ಲಿ ಆಕೆಯ ಮಗಳು ಬೆಳಿಗ್ಗೆಯಿಂದಲೇ ನನ್ನೆದುರು ವಿಜ್ಞಾನದ ಪುಸ್ತಕ ತೆರೆದುಕೊಂಡು ಕುಳಿತಿದ್ದಳು. ಹತ್ತನೆಯ ತರಗತಿಯ ಮಕ್ಕಳಿಗೆ ಎದುರಾಗುವ ಮೊದಲ ಪಾಠವೇ ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು. ‘ಸರಿದೂಗಿಸಿ ಬರೆಯಿರಿ’ ಎಂದು ಟೀಚರ್ ಕೊಟ್ಟ ಹತ್ತು ಸಮೀಕರಣಗಳು ಅವಳ ಪುಸ್ತಕದಲ್ಲಿದ್ದವು. ಮೊದಲನೆಯದು ಹೈಡ್ರೋಜನ್ನೂ ಆಕ್ಸಿಜನ್ನೂ ಸೇರಿ ನೀರಾಗುವುದು. ಎಡಗಡೆ ಎಚ್₂ ಮತ್ತು ಓ₂, ಬಲಗಡೆ ಎಚ್₂ಓ. ಆಕ್ಸಿಜನ್ ಪರಮಾಣು ಎಡಕ್ಕೆ ಎರಡು, ಬಲಕ್ಕೆ ಒಂದೇ. ಅವಳು ಅರೆಗಳಿಗೆಯೂ ಯೋಚಿಸದೆ ಬಲಗಡೆಯ ಓ ಅಕ್ಷರದ ಕಾಲಬುಡದಲ್ಲಿ ಒಂದು ಪುಟ್ಟ 2 ಬರೆದು ಮುಂದಿನದಕ್ಕೆ ಹೋದಳು.

“ಇದು ತಪ್ಪು” ಎಂದೆ.

“ಎಂತಕ್ಕೆ ತಪ್ಪು ಮಾವ? ಎಣಿಸಿ ನೋಡಿ. ಎರಡೂ ಕಡೆ ಎರಡೆರಡು ಉಂಟಲ್ಲ.”

ಎಣಿಸಿ ನೋಡಿದರೆ ಉಂಟು. ಹೈಡ್ರೋಜನ್ ಎರಡು, ಆಕ್ಸಿಜನ್ ಎರಡು, ಎರಡೂ ಬದಿಯಲ್ಲಿ ಒಂದೇ. ಆದರೆ ಅವಳು ಬರೆದದ್ದು ಈಗ ನೀರಲ್ಲ. ಅದು ಹೈಡ್ರೋಜನ್ ಪೆರಾಕ್ಸೈಡ್. ಸೈಕಲಿನಿಂದ ಬಿದ್ದು ಮೊಣಕಾಲು ತರಚಿಕೊಂಡಾಗ ನರ್ಸಮ್ಮ ಗಾಯಕ್ಕೆ ಹಾಕಿದ, ಬುರುಬುರು ನೊರೆಯೆದ್ದ ದ್ರವ. ರಕ್ತ ತಾಗಿದೊಡನೆ ಅದು ಒಡೆದು ನೀರೂ ಆಕ್ಸಿಜನ್ನೂ ಆಗುವುದರಿಂದಲೇ ಆ ನೊರೆ. ಅದನ್ನು ನೆನಪಿಸಿದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿ, “ಪೇಪರಿನ ಮೇಲೆ ನೊರೆ ಬರುವುದಿಲ್ಲವಲ್ಲ ಮಾವ” ಎಂದಳು. ಆ ಮೇಲೆ ಪುಟ್ಟ 2ನ್ನು ಅಳಿಸಿ, ಎಚ್₂ ಮತ್ತು ಎಚ್₂ಓ ಎರಡರ ಮುಂದೆಯೂ ದೊಡ್ಡ 2 ಬರೆದು ಸರಿ ಮಾಡಿದಳು. ಸರಿ ಮಾಡಿದಳೇ ಹೊರತು ಯಾಕೆಂದು ಒಪ್ಪಿರಲಿಲ್ಲ. ಅವಳು ಹೇಳಿದ್ದು ಉಡಾಫೆಯ ಮಾತಲ್ಲವೆಂದು ನನಗೆ ಆಮೇಲೆ ಅನ್ನಿಸತೊಡಗಿತು. ಕಾಗದದ ಮೇಲೆ ನೊರೆ ಬರುವುದಿಲ್ಲ ಎನ್ನುವುದೇ ಈ ಪಾಠದ ನಿಜವಾದ ತೊಡಕು.

ಒತ್ತು ಮತ್ತು ಎಣಿಕೆ

ಬ್ಯಾಂಕಿನ ಗುಮಾಸ್ತಿಕೆಯಲ್ಲಿ ಕೂದಲು ಹಣ್ಣಾಗಿಸಿಕೊಂಡವನು ನಾನು. ಕಂಪ್ಯೂಟರು ಬರುವ ಮೊದಲು ದಿನದ ಕೊನೆಗೆ ಜಮೆ ಮತ್ತು ಖರ್ಚು ತಾಳೆಯಾಗದಿದ್ದರೆ, ಹನ್ನೊಂದು ರೂಪಾಯಿಯ ವ್ಯತ್ಯಾಸಕ್ಕೂ ರಾತ್ರಿ ಒಂಬತ್ತರವರೆಗೆ ಕುಳಿತು ವೋಚರುಗಳನ್ನು ಒಂದೊಂದಾಗಿ ಮಗುಚುತ್ತಿದ್ದೆವು. ಎಲ್ಲಿಯೋ ಒಂದು ವೋಚರು ಕೈತಪ್ಪಿದೆ, ಇಲ್ಲವೇ ಎರಡು ಸಲ ಬರೆದಾಗಿದೆ, ಅದನ್ನು ಹುಡುಕಬೇಕು. ತಾಳೆಯಾಗಲೆಂದು ವೋಚರಿನೊಳಗಿನ ಅಂಕೆಯನ್ನೇ ತಿದ್ದಿದರೆ ಲೆಕ್ಕ ಆ ಕ್ಷಣ ಸರಿಯಾಗುತ್ತದೆ, ಆದರೆ ಆ ಕೆಲಸಕ್ಕೆ ಇರುವ ಹೆಸರೇ ಬೇರೆ. ತಂಗಿಯ ಮಗಳು ಮಾಡಿದ್ದು ಅದನ್ನೇ. ಎಷ್ಟು ವೋಚರು ಎನ್ನುವುದನ್ನು ಬದಲಿಸಬಹುದು. ವೋಚರಿನೊಳಗೆ ಬರೆದದ್ದನ್ನು ಬದಲಿಸುವಂತಿಲ್ಲ.

ಅವಳಿಗೆ ಬ್ಯಾಂಕಿನ ಉಪಮೆ ಹಿಡಿಸಲಿಲ್ಲ. ಅವಳು ವೋಚರು ನೋಡಿದವಳಲ್ಲ. ಒತ್ತಕ್ಷರದ ಉಪಮೆ ಹಿಡಿಸಿತು. ‘ಕತೆ’ ಎಂಬ ಪದದ ತಕಾರಕ್ಕೆ ಒಂದು ಒತ್ತು ಕೊಟ್ಟರೆ ‘ಕತ್ತೆ’ಯಾಗುತ್ತದೆ. ನಮಗೆ ಎರಡು ಕತೆ ಬೇಕಿದ್ದರೆ ‘ಎರಡು ಕತೆ’ ಎಂದು ಮುಂದೆ ಸಂಖ್ಯೆ ಹಾಕುತ್ತೇವೆಯೇ ವಿನಾ ಒತ್ತು ಹಾಕುವುದಿಲ್ಲ. ಸೂತ್ರದ ಕಾಲಬುಡದಲ್ಲಿರುವ ಪುಟ್ಟ ಅಂಕೆ ಒತ್ತಿನಂತೆ ಪದದ ಒಳಗಿನದು, ಮುಂದಿರುವ ದೊಡ್ಡ ಅಂಕೆ ಪದದ ಹೊರಗಿನದು. (ಧಾತುಗಳಿಗೆ ಅಕ್ಷರದ ಸಂಕೇತಗಳನ್ನು ಬಳಕೆಗೆ ತಂದ ಸ್ವೀಡನ್ನಿನ ಬರ್ಜೀಲಿಯಸ್ ಆ ಪುಟ್ಟ ಅಂಕೆಯನ್ನು ಅಕ್ಷರದ ತಲೆಯ ಮೇಲೆ ಬರೆಯುತ್ತಿದ್ದ. ಅದು ಕಾಲಬುಡಕ್ಕೆ ಇಳಿದದ್ದು ಆಮೇಲೆ. ನಮ್ಮ ಮಕ್ಕಳ ಪುಣ್ಯ, ಒತ್ತಿನ ಜಾಗಕ್ಕೇ ಬಂತು.)

‘ಸಮೀಕರಣ’ ಎಂಬ ಪದವೂ ದಾರಿ ತಪ್ಪಿಸುತ್ತದೆ ಎನ್ನುವುದು ನನ್ನ ಗುಮಾನಿ. ಗಣಿತದ ಸಮೀಕರಣದಲ್ಲಿ ಈ ಕಡೆಯದನ್ನು ಆ ಕಡೆಗೆ ಚಿಹ್ನೆ ಬದಲಿಸಿ ಒಯ್ಯಬಹುದು; ಅದೇ ಪೆನ್ಸಿಲು, ಅದೇ ಕೈ, ಮುಂದಿನ ಪೀರಿಯಡ್ಡಿನಲ್ಲಿ ರಸಾಯನಶಾಸ್ತ್ರಕ್ಕೆ ಬರುತ್ತದೆ. ಇಲ್ಲಿ ಇರುವುದು ಸಮಚಿಹ್ನೆಯಲ್ಲ, ಬಾಣ. ಹೋಲಿಸಿದರೆ ‘ಸರಿದೂಗಿಸು’ ಎಂಬ ಪದ ಎಷ್ಟೋ ಪ್ರಾಮಾಣಿಕವಾದದ್ದು. ಸರಿ ಮತ್ತು ತೂಗು ಸೇರಿ, ಆದೇಶಸಂಧಿಯಲ್ಲಿ ತಕಾರ ದಕಾರವಾಗಿ ಆದ ಪದ ಅದು. ಮಳೆಗಾಲ ಆದ ಹಾಗೆಯೇ. ಅಂದರೆ ಪದವೇ ತಕ್ಕಡಿಯನ್ನು ಹೇಳುತ್ತಿದೆ, ಎಣಿಕೆಯನ್ನಲ್ಲ. ನಾವು ಮಕ್ಕಳಿಗೆ ಕಲಿಸುವುದು ಎಣಿಸುವುದನ್ನು ಮಾತ್ರ.

ನನಗೂ ಹಾಗೆಯೇ ಕಲಿಸಿದರೆಂದರೆ ತಪ್ಪಾದೀತು. ನಮ್ಮ ಮಾಷ್ಟ್ರು ಮೆಗ್ನೀಶಿಯಂ ಪಟ್ಟಿಯನ್ನು ಇಕ್ಕುಳದಲ್ಲಿ ಹಿಡಿದು ಉರಿಸಿ, ಉಳಿದ ಬಿಳಿ ಬೂದಿಯನ್ನು ತೋರಿಸಿ, ಇದು ಪಟ್ಟಿಗಿಂತ ಭಾರವೋ ಹಗುರವೋ ಎಂದು ಕೇಳಿದ್ದರು. ಇಡೀ ತರಗತಿ ‘ಹಗುರ’ ಎಂದಿತು. ಒಲೆಗೆ ಹಾಕಿದ ಕಟ್ಟಿಗೆ ಹಿಡಿ ಬೂದಿಯಾಗುವುದನ್ನು ದಿನವೂ ನೋಡುವ ಮಕ್ಕಳು ಬೇರೇನು ಹೇಳುತ್ತಾರೆ? ಮಾಷ್ಟ್ರು ಭಾರವೆಂದರು, 24 ಗ್ರಾಂ ಮೆಗ್ನೀಶಿಯಂ ಗಾಳಿಯ 16 ಗ್ರಾಂ ಆಕ್ಸಿಜನ್ನನ್ನು ಸೇರಿಸಿಕೊಂಡು 40 ಗ್ರಾಂ ಬೂದಿಯಾಗುತ್ತದೆ ಎಂದು ಹಲಗೆಯಲ್ಲಿ ಬರೆದರು. ಅಷ್ಟು ಸೂಕ್ಷ್ಮವಾಗಿ ತೂಗುವ ತಕ್ಕಡಿ ಶಾಲೆಯಲ್ಲಿರಲಿಲ್ಲ. ನಾನು ನಂಬದೆಯೇ ಅದನ್ನು ಪರೀಕ್ಷೆಯಲ್ಲಿ ಬರೆದೆ, ಅಂಕವೂ ಬಂತು. ಫ್ರಾನ್ಸಿನಲ್ಲಿ ತೆರಿಗೆ ವಸೂಲಿಯ ಪಾಲುದಾರನೂ ಆಗಿದ್ದ ಲವಾಸಿಯೇ ಎಂಬ ರಸಾಯನವಿಜ್ಞಾನಿ 1774ರಲ್ಲಿ ಮೊಹರು ಮಾಡಿದ ಗಾಜಿನ ಪಾತ್ರೆಯಲ್ಲಿ ತವರವನ್ನು ಕಾಯಿಸಿ, ಒಟ್ಟು ತೂಕ ಬದಲಾಗಲಿಲ್ಲವೆಂದೂ, ಪಾತ್ರೆಯ ಬಾಯಿ ತೆರೆದಾಗ ಗಾಳಿ ಒಳನುಗ್ಗಿ ತೂಕ ಹೆಚ್ಚಿತೆಂದೂ ಕಂಡುಕೊಂಡದ್ದನ್ನು ಓದಿದ ಮೇಲೆಯೇ ನನ್ನ ಸಂಶಯ ಹೋದದ್ದು. ಲೆಕ್ಕ ತಾಳೆಯಾಗದಿದ್ದಾಗ ಕಾಣದ ವೋಚರನ್ನು ಹುಡುಕುವವನ ಬುದ್ಧಿ ಅದು. ಅದೇ ತೆರಿಗೆ ವಸೂಲಿಯ ಕಾರಣಕ್ಕೆ 1794ರಲ್ಲಿ ಅವನ ತಲೆ ಹೋಯಿತು, ಅದು ಬೇರೆ ಕತೆ.

ಅಜ್ಜಿಯ ಸುಣ್ಣದ ಮಡಕೆ

ತಂಗಿಯ ಮಗಳ ಹತ್ತು ಸಮೀಕರಣಗಳಲ್ಲಿ ನಾಲ್ಕನೆಯದು ಸುಣ್ಣಕ್ಕೆ ನೀರು ಸೇರಿ ಅರಳಿದ ಸುಣ್ಣವಾಗುವುದು. ಅದರಲ್ಲಿ ಸರಿದೂಗಿಸಲು ಏನೂ ಇಲ್ಲ, ಇದ್ದ ಹಾಗೆಯೇ ಸರಿಯಾಗಿದೆ. ಅವಳು ಒಂದು ಟಿಕ್ ಹಾಕಿ ದಾಟಿದಳು. ನನಗೆ ದಾಟಲಾಗಲಿಲ್ಲ.

ಕಲ್ಯಾಣಪುರದ ಬಳಿ ಸುವರ್ಣಾ ನದಿಯ ದಂಡೆಯ ನಮ್ಮ ಹಳೆಯ ಮನೆಯಲ್ಲಿ ಅಜ್ಜಿಗೆ ಎಲೆಯಡಿಕೆಯ ಸುಣ್ಣ ಪೇಟೆಯದು ಆಗುತ್ತಿರಲಿಲ್ಲ. ನದಿಯಿಂದ ಮರುವಾಯಿ ಹೆಕ್ಕುವವರು ಮಾಂಸ ತೆಗೆದು ರಾಶಿ ಹಾಕಿದ ಚಿಪ್ಪುಗಳನ್ನು ಇದ್ದಿಲಿನ ಜೊತೆ ಪದರ ಪದರವಾಗಿ ಗೂಡಿಗೆ ತುಂಬಿ ಸುಡುತ್ತಿದ್ದ ಮನೆಯೊಂದು ಹತ್ತಿರದಲ್ಲಿತ್ತು. ಅಲ್ಲಿಂದ ಸುಟ್ಟ ಚಿಪ್ಪನ್ನು ಬುಟ್ಟಿಯಲ್ಲಿ ತರುವುದು ನನ್ನ ಕೆಲಸ. ಹೋಗುವಾಗ ನೋಡಿದ ಹಸಿ ಚಿಪ್ಪಿನ ಬುಟ್ಟಿಗೂ ಬರುವಾಗ ತಲೆಯ ಮೇಲಿದ್ದ ಸುಟ್ಟ ಚಿಪ್ಪಿನ ಬುಟ್ಟಿಗೂ ಗಾತ್ರ ಒಂದೇ. ಸುಟ್ಟದ್ದು ಮಾತ್ರ ಹೂವಿನಷ್ಟು ಹಗುರ. ಬಣ್ಣ ಬಿಳುಪಾದದ್ದು ಬಿಟ್ಟರೆ ಆಕಾರದಲ್ಲೂ ಏನೂ ಹೋದಂತೆ ಕಾಣುತ್ತಿರಲಿಲ್ಲ, ಗೆರೆಗಳು ಕೂಡ ಹಾಗೆಯೇ ಇದ್ದವು. ಹೋದದ್ದು ಏನು ಎಂದು ನಾನು ಆಗ ಕೇಳಿರಲಿಲ್ಲ.

ಅಜ್ಜಿ ಜಗಲಿಯ ಮೂಲೆಯಲ್ಲಿ ಒಂದು ಮಣ್ಣಿನ ಮಡಕೆಗೆ ಆ ಚಿಪ್ಪುಗಳನ್ನು ಹಾಕಿ, ನಮ್ಮನ್ನು ದೂರ ನಿಲ್ಲಿಸಿ, ಚೊಂಬಿನಿಂದ ತಣ್ಣೀರು ಹನಿಸುತ್ತಿದ್ದಳು. ಮೊದಲು ನೀರು ಇಂಗಿ ಹೋದಂತೆ ಕಾಣುತ್ತಿತ್ತು. ಮತ್ತೆ ಒಂದು ಚಿಪ್ಪು ಸೀಳುತ್ತಿತ್ತು, ಆಮೇಲೆ ಇನ್ನೊಂದು, ಆಮೇಲೆ ಇಡೀ ಮಡಕೆ ಬುಸುಗುಟ್ಟಿ, ಹಬೆಯೆದ್ದು, ಬೆಂಕಿಯಿಲ್ಲದೆ ಕೊತಕೊತ ಕುದಿಯುತ್ತಿತ್ತು. ಬಾಣಲೆಯಲ್ಲಿ ಭತ್ತ ಅರಳಾಗುವ ಹಾಗೆ ಚಿಪ್ಪುಗಳು ಬಿರಿದು ಬೆಣ್ಣೆಯಂಥ ಹಿಟ್ಟಾಗುತ್ತಿದ್ದವು. ‘ಅರಳಿದ ಸುಣ್ಣ’ ಎಂದು ಪಠ್ಯಪುಸ್ತಕದಲ್ಲಿ ಮೊದಲ ಸಲ ಓದಿದಾಗ ನನಗೆ ಆ ಪದಕ್ಕೆ ಅರ್ಥ ಬೇಕಾಗಲಿಲ್ಲ. “ಬೆಂಕಿ ಎಲ್ಲಿಂದ ಬಂತು ಅಜ್ಜಿ?” ಎಂದರೆ, “ಗೂಡಿನಲ್ಲಿ ತಿಂದದ್ದನ್ನು ಈಗ ಕಾರುತ್ತಾ ಉಂಟು” ಎನ್ನುತ್ತಿದ್ದಳು. ಉಳಿದ ಸುಟ್ಟ ಚಿಪ್ಪನ್ನು ಡಬ್ಬಿಗೆ ತುಂಬಿ ಬಟ್ಟೆ ಬಿಗಿದು ಮುಚ್ಚಳ ಹಾಕುತ್ತಿದ್ದಳು. ಒಂದು ಮಳೆಗಾಲ ನಾನು ಮುಚ್ಚಳ ಸರಿಯಾಗಿ ಹಾಕದೆ ಬಿಟ್ಟದ್ದರಿಂದ ಚಿಪ್ಪೆಲ್ಲ ತಾನಾಗಿ ಪುಡಿಯಾಗಿ, ನೀರು ಹಾಕಿದರೆ ಉಸಿರೆತ್ತಲಿಲ್ಲ. “ಗಾಳಿ ತಿಂದಿತು” ಎಂದು ಅಜ್ಜಿ ಅಷ್ಟನ್ನೂ ತೆಂಗಿನ ಬುಡಕ್ಕೆ ಸುರಿದಳು.

ಈಗ ಆ ಮೂರು ಕೆಲಸಗಳನ್ನು ತೂಕದಲ್ಲಿ ಬರೆಯುತ್ತೇನೆ. ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟು. 100 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟನ್ನು 900 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಸುಟ್ಟರೆ 56 ಗ್ರಾಂ ಸುಟ್ಟ ಸುಣ್ಣ ಉಳಿದು 44 ಗ್ರಾಂ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ನನ್ನ ತಲೆಯ ಮೇಲಿನ ಬುಟ್ಟಿ ಹಗುರಾದದ್ದು ಆ 44ರಿಂದ. ಆ 56 ಗ್ರಾಂಗೆ ಅಜ್ಜಿಯ ಚೊಂಬಿನ 18 ಗ್ರಾಂ ನೀರು ಸೇರಿ 74 ಗ್ರಾಂ ಅರಳಿದ ಸುಣ್ಣವಾಗುತ್ತದೆ. ಅದನ್ನು ದೀಪಾವಳಿಗೆ ಮೊದಲು ತೆಳ್ಳಗೆ ಮಾಡಿ ಗೋಡೆಗೆ ಬಳಿದರೆ, ಎರಡು ಮೂರು ದಿನಗಳಲ್ಲಿ ಅದು ಗಾಳಿಯಿಂದ 44 ಗ್ರಾಂ ಕಾರ್ಬನ್ ಡೈಆಕ್ಸೈಡನ್ನು ಮರಳಿ ಪಡೆದು, 18 ಗ್ರಾಂ ನೀರನ್ನು ಬಿಟ್ಟುಕೊಟ್ಟು, 100 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಾಗಿ ಗಟ್ಟಿಯಾಗಿ ಹೊಳೆಯುತ್ತದೆ. ಅಂದರೆ ನಮ್ಮ ಹಳೆಯ ಮನೆಯ ಗೋಡೆಯ ಮೇಲಿದ್ದದ್ದು ಮತ್ತೆ ಅದೇ ಮರುವಾಯಿಯ ಚಿಪ್ಪು, ಆಕಾರ ಮಾತ್ರ ಬೇರೆ. ಮೂರೂ ಸಮೀಕರಣಗಳನ್ನು ಕೂಡಿದರೆ ಎಡಬಲಗಳಲ್ಲಿ ಎಲ್ಲವೂ ಹೊಡೆದುಹೋಗಿ ಕಾಗದ ಖಾಲಿಯಾಗುತ್ತದೆ.

ಹಾಗಾದರೆ ಗೂಡಿನಲ್ಲಿ ಉರಿದ ಇದ್ದಿಲಿನ ಬಿಸಿ ಎಲ್ಲಿ ಹೋಯಿತು ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲ ಕಾಡಿತ್ತು. ಇದಕ್ಕೆ ಉತ್ತರ ಸಿಕ್ಕಿದ ದಿನ ನಾನು ಒಬ್ಬನೇ ನಕ್ಕಿದ್ದೆ. 100 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟು ಒಡೆಯಲು ಸುಮಾರು 178 ಕಿಲೋಜೌಲ್ ಶಾಖವನ್ನು ಹೀರಿಕೊಳ್ಳುತ್ತದೆ, ಅಂತರುಷ್ಣಕ ಕ್ರಿಯೆ. ಮಡಕೆಯಲ್ಲಿ ಅರಳುವಾಗ ಸುಮಾರು 65 ಕಿಲೋಜೌಲ್ ಹೊರಬರುತ್ತದೆ, ಬಹಿರುಷ್ಣಕ. ಉಳಿದ 113? ಅದು ಗೋಡೆಯಿಂದ ಬರುತ್ತದೆ, ಆದರೆ ದಿನಗಟ್ಟಲೆ ಹರಡಿಕೊಂಡು ಬರುವುದರಿಂದ ಗೋಡೆಗೆ ಕೆನ್ನೆಯಿಟ್ಟರೂ ಯಾರಿಗೂ ತಿಳಿಯುವುದಿಲ್ಲ. 65ಕ್ಕೆ 113 ಕೂಡಿದರೆ 178. ಶಾಖವೂ ತಾಳೆಯಾಯಿತು. ಅಜ್ಜಿ ಹೇಳಿದ್ದು ಸರಿಯಾಗಿತ್ತು, ಆದರೆ ಮಡಕೆ ಕಾರಿದ್ದು ತಿಂದದ್ದರ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚನ್ನು ಮಾತ್ರ. ಪುಸ್ತಕದಲ್ಲಿ ಈ ಮೂರು ಕ್ರಿಯೆಗಳೂ ಇರುತ್ತವೆ. ಒಂದು ವಿಭಜನೆಗೆ ಉದಾಹರಣೆಯಾಗಿ, ಇನ್ನೊಂದು ಸಂಯೋಗಕ್ಕೆ, ಮೂರನೆಯದು ಸುಣ್ಣ ಬಳಿದ ಗೋಡೆಯ ಮಾತು ಬಂದಾಗ. ಒಂದೇ ಚಿಪ್ಪಿನ ಮೂರು ಅವಸ್ಥೆಗಳೆಂದು ಅವುಗಳನ್ನು ಒಂದೇ ಹಗ್ಗದಲ್ಲಿ ಕಟ್ಟಿ ತೋರಿಸಿದರೆ, ಯಾವ ಕ್ರಿಯೆ ಯಾವ ಬಗೆಯದೆಂದು ಬಾಯಿಪಾಠ ಮಾಡುವ ಅರ್ಧ ಕಷ್ಟ ಕರಾವಳಿಯ ಮಕ್ಕಳಿಗಾದರೂ ತಪ್ಪೀತು.

ಕತ್ತಿಗೆ ಬಂದ ಕೆಂಪು

ಇಷ್ಟು ತಿಳಿದವನಾದರೂ ಪಿಯುಸಿಯಲ್ಲಿದ್ದಾಗ ನಾನು ಮಾಡಿಕೊಂಡ ಫಜೀತಿಯನ್ನು ಹೇಳದಿದ್ದರೆ ಈ ಬರಹವೇ ಸರಿದೂಗುವುದಿಲ್ಲ. ಕಾರ್ಕಳದ ಕಡೆ ಸೋದರಮಾವನ ಅಡಿಕೆ ತೋಟ. ಆಟಿಯ ಬಿಡುವಿನಲ್ಲಿ ಎರಡನೆಯ ಮದ್ದು ಬಿಡುವ ಹೊತ್ತಿಗೆ ಸರಿಯಾಗಿ ನಾನು ಅಲ್ಲಿದ್ದೆ. ಕೊಳೆರೋಗದ ಮದ್ದೆಂದರೆ ಬೋರ್ಡೋ ದ್ರಾವಣ: 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟಿನ ನೀಲಿ ಹರಳು), 1 ಕಿಲೋ ಸುಣ್ಣ, 100 ಲೀಟರ್ ನೀರು. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದಲ್ಲಿ ಮಿಯಾರ್ದೆ ಎಂಬ ಸಸ್ಯವಿಜ್ಞಾನಿ ದ್ರಾಕ್ಷಿ ಬಳ್ಳಿಯ ರೋಗಕ್ಕೆಂದು 1885ರಲ್ಲಿ ಪ್ರಕಟಿಸಿದ ಮದ್ದು, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರ ಕೆಲಸದಿಂದ ಅಡಿಕೆಗೆ ಬಂತು. ಮೈಲುತುತ್ತಿನ ನೀಲಿ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತಾ ಕದಡಬೇಕು. ಕಬ್ಬಿಣದ ಪಾತ್ರೆ ಆಗದು.

ನಾನು ಕಾಗದ ಪೆನ್ನು ತೆಗೆದು ಲೆಕ್ಕ ಹಾಕಿದೆ. ತಾಮ್ರದ ಸಲ್ಫೇಟೂ ಅರಳಿದ ಸುಣ್ಣವೂ ಒಂದಕ್ಕೊಂದು ಜೊತೆ ಬದಲಿಸಿಕೊಂಡು ತಾಮ್ರದ ಹೈಡ್ರಾಕ್ಸೈಡೂ ಕ್ಯಾಲ್ಸಿಯಂ ಸಲ್ಫೇಟೂ ಆಗುವ ದ್ವಿಸ್ಥಾನಪಲ್ಲಟ. ಹರಳಿನೊಳಗಿನ ಐದು ನೀರಿನ ಅಣುಗಳನ್ನೂ ಸೇರಿಸಿದರೆ ಮೈಲುತುತ್ತು 249.5 ಗ್ರಾಂ, ಅದಕ್ಕೆ ಸುಣ್ಣ 74 ಗ್ರಾಂ. ಅಂದರೆ 1 ಕಿಲೋ ಮೈಲುತುತ್ತಿಗೆ 300 ಗ್ರಾಂ ಸುಣ್ಣವೂ ಬೇಡ. (ತೋಟದ ಡ್ರಮ್ಮಿನಲ್ಲಿ ನಿಜವಾಗಿ ಆಗುವ ಕ್ರಿಯೆ ಇಷ್ಟು ಸರಳವಲ್ಲ, ಆದರೆ ಸುಣ್ಣದ ಅಂದಾಜಿಗೆ ಇದು ಸಾಕು.) ಮಾವ ವರ್ಷ ವರ್ಷವೂ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಸುಣ್ಣ ಹಾಳು ಮಾಡುತ್ತಿದ್ದಾರೆಂದು ಸಾರಿದೆ. ಮಾವ ಜಗಳಕ್ಕೆ ಬರಲಿಲ್ಲ. “ಒಂದು ಡ್ರಮ್ ನಿನ್ನ ಲೆಕ್ಕದಲ್ಲೇ ಆಗಲಿ” ಎಂದರು.

ಆಯಿತು. 300 ಗ್ರಾಂ ತೂಗಿ ಹಾಕಿ ಕದಡಿದೆ. ಮದ್ದು ಬಿಡುವವರು ಮರ ಹತ್ತುವ ಮೊದಲು ತಮ್ಮ ಸೊಂಟದ ಕತ್ತಿಯನ್ನು ತೆಗೆದು, ಅಲಗನ್ನು ಡ್ರಮ್ಮಿಗೆ ಇಳಿಬಿಟ್ಟು, ಒಂದು ವೀಳ್ಯ ಮಡಚುವಷ್ಟು ಹೊತ್ತು ಬಿಟ್ಟು ಎತ್ತಿ, ನನ್ನ ಮುಖದ ಹತ್ತಿರ ಹಿಡಿದರು. ಬಿಳಿ ಅಲಗಿನ ಮೇಲೆ ಹೊಸ ತಂಬಿಗೆಯ ಕೆಂಪು. ಸುಣ್ಣ ಸಾಲದೆ ಉಳಿದ ತಾಮ್ರ, ಕಬ್ಬಿಣದ ಮೇಲೆ ಬಂದು ಕುಳಿತಿತ್ತು. ಇದನ್ನು ಹಾಗೆಯೇ ಬಿಟ್ಟರೆ ಎಳೆಗಾಯಿಗಳು ಸುಟ್ಟು ಉದುರುತ್ತವೆ. ಅವರು ಸುಣ್ಣ ಹಾಕುತ್ತಾ, ಕದಡುತ್ತಾ, ಕತ್ತಿ ಅದ್ದುತ್ತಾ ಹೋದರು. ಅಲಗು ಬಿಳಿಯಾಗಿಯೇ ಹೊರಬರುವ ಹೊತ್ತಿಗೆ ಕಿಲೋ ಸುಣ್ಣದ ಚೀಲದಲ್ಲಿ ಉಳಿದಿದ್ದದ್ದು ಎರಡು ಹಿಡಿ.

“ನಿನ್ನ ಪುಸ್ತಕದ ಸುಣ್ಣ ಪೇಟೆಯಲ್ಲಿ ಸಿಗುವುದಿಲ್ಲ ಮಾರಾಯ” ಎಂದರು ಮಾವ. ಆ ಚೀಲದ ಸುಣ್ಣ ಅಂಗಡಿಯಲ್ಲಿ ಎಷ್ಟು ತಿಂಗಳು ಇತ್ತೋ. ಅದರ ಬಹುಪಾಲು ಅಜ್ಜಿಯ ಡಬ್ಬಿಯಲ್ಲಾದ ಹಾಗೆ ಗಾಳಿ ತಿಂದು ಆಗಲೇ ಮತ್ತೆ ಕಾರ್ಬೊನೇಟಾಗಿತ್ತು. ನನ್ನ ಸಮೀಕರಣದಲ್ಲಿ ತಪ್ಪಿರಲಿಲ್ಲ. ಆದರೆ ಸಮೀಕರಣದಲ್ಲಿ ಹೆಸರಿಸಿದ ವಸ್ತು ಒಂದು, ನಾನು ಡ್ರಮ್ಮಿಗೆ ಹಾಕಿದ್ದು ಇನ್ನೊಂದು. ತಂಗಿಯ ಮಗಳು ನೀರೆಂದು ಪೆರಾಕ್ಸೈಡ್ ಬರೆದದ್ದಕ್ಕೂ ನಾನು ಸುಣ್ಣವೆಂದು ಸುಣ್ಣಕಲ್ಲಿನ ಪುಡಿ ಹಾಕಿದ್ದಕ್ಕೂ ಏನು ವ್ಯತ್ಯಾಸ? ಅವಳದ್ದು ಪೇಪರಿನ ಮೇಲೆ ಆದ್ದರಿಂದ ಯಾವ ಕತ್ತಿಯೂ ಕೆಂಪಾಗಲಿಲ್ಲ, ಅಷ್ಟೇ.

ಆ ಕತ್ತಿಯ ಕೆಂಪೇ ಅವಳ ಪುಸ್ತಕದಲ್ಲಿ ಸ್ಥಾನಪಲ್ಲಟದ ಉದಾಹರಣೆಯಾಗಿ ಇದೆ. ಅಲ್ಲಿ ಕತ್ತಿಯ ಬದಲು ಕಬ್ಬಿಣದ ಮೊಳೆ. ಕಬ್ಬಿಣ ತಾಮ್ರವನ್ನು ದ್ರಾವಣದಿಂದ ಹೊರಹಾಕಿ ತಾನು ಕುಳಿತುಕೊಳ್ಳುತ್ತದೆ. ಬಾಣವನ್ನು ತಿರುಗಿಸಿ, ತಾಮ್ರ ಕಬ್ಬಿಣವನ್ನು ಹೊರಹಾಕುತ್ತದೆ ಎಂದು ಬರೆದರೂ ಪರಮಾಣುಗಳ ಎಣಿಕೆ ಅಷ್ಟೇ ಸರಿಯಾಗಿರುತ್ತದೆ, ಆದರೆ ಕಬ್ಬಿಣದ ಸಲ್ಫೇಟಿನಲ್ಲಿ ತಾಮ್ರದ ತಂಬಿಗೆಯನ್ನು ವರ್ಷ ಮುಳುಗಿಸಿಟ್ಟರೂ ಹಾಗಾಗುವುದಿಲ್ಲ. ಸರಿದೂಗಿದ ಮಾತ್ರಕ್ಕೆ ಕ್ರಿಯೆ ನಡೆದೇ ತೀರುತ್ತದೆ ಎಂದಿಲ್ಲವೆನ್ನುವುದನ್ನು ಮಕ್ಕಳಿಗೆ ಯಾರೂ ಬಿಡಿಸಿ ಹೇಳುವುದಿಲ್ಲ.

ಒಂದು ಸಿಲಿಂಡರಿನ ನೀರು

ಮಧ್ಯಾಹ್ನ ಊಟವಾದ ಮೇಲೆ ಅವಳಿಗೆ ನಾನೇ ಒಂದು ಹನ್ನೊಂದನೆಯ ಸಮೀಕರಣ ಕೊಟ್ಟೆ. ಅಡುಗೆ ಅನಿಲದಲ್ಲಿ ಪ್ರೋಪೇನೂ ಬ್ಯುಟೇನೂ ಇರುತ್ತವೆ. ಲೆಕ್ಕ ಸುಲಭವಾಗಲೆಂದು ಪೂರ್ತಿ ಬ್ಯುಟೇನ್ ಎಂದಿಟ್ಟುಕೊಳ್ಳುವ ಎಂದೆ. ನಾಲ್ಕು ಕಾರ್ಬನ್, ಹತ್ತು ಹೈಡ್ರೋಜನ್. ಈ ಸಲ ಒಳಗಿನ ಅಂಕೆ ಮುಟ್ಟದೆ, ಎರಡು ಸಲ ಅಳಿಸಿ, 2 ಬ್ಯುಟೇನಿಗೆ 13 ಆಕ್ಸಿಜನ್, 8 ಕಾರ್ಬನ್ ಡೈಆಕ್ಸೈಡ್, 10 ನೀರು ಎಂದು ತಂದಳು. ಇನ್ನು ತೂಗು ಎಂದೆ. ಸಿಲಿಂಡರಿನಲ್ಲಿರುವ ಅನಿಲ 14.2 ಕಿಲೋ. ಮೊಬೈಲಿನಲ್ಲಿ ಗುಣಿಸಿ ಭಾಗಿಸಿ ಹೊರಟ ಉತ್ತರಗಳನ್ನು ಅವಳು ಎರಡೆರಡು ಸಲ ನೋಡಿದಳು: ಅಷ್ಟು ಅನಿಲ ಉರಿಯಲು ಸುಮಾರು 51 ಕಿಲೋ ಆಕ್ಸಿಜನ್ ಬೇಕು, ಉರಿದ ಮೇಲೆ ಸುಮಾರು 43 ಕಿಲೋ ಕಾರ್ಬನ್ ಡೈಆಕ್ಸೈಡ್, 22 ಕಿಲೋ ನೀರು.

“ಇಪ್ಪತ್ತೆರಡು ಲೀಟರ್ ನೀರಾ? ಹದಿನಾಲ್ಕು ಕಿಲೋ ಗ್ಯಾಸಿನಿಂದ? ಎಲ್ಲಿ ಉಂಟು ಅದು?”

ನಾನು ಉತ್ತರ ಹೇಳಲಿಲ್ಲ. ಅವಳು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳು. ವಾರದಿಂದ ಬಿಸಿಲು ಕಾಣದ್ದರಿಂದ ತಂಗಿ ಗ್ಯಾಸ್ ಒಲೆಯ ಎದುರಿಗೆ ಹಗ್ಗ ಕಟ್ಟಿ ಯೂನಿಫಾರ್ಮನ್ನೂ ಕಾಲುಚೀಲವನ್ನೂ ನೇತುಹಾಕಿದ್ದಳು, ಕುಚ್ಚಲಕ್ಕಿ ಬೇಯುತ್ತಿತ್ತು, ಮುಚ್ಚಿದ ಕಿಟಕಿಯ ಗಾಜಿನಲ್ಲಿ ಹನಿಗಟ್ಟಿ ಗೆರೆಯಾಗಿ ಇಳಿಯುತ್ತಿತ್ತು.

“ಅಮ್ಮಾ, ಇದು ಒಣಗುವುದು ಹೇಗೆ? ಒಲೆಯಿಂದಲೇ ನೀರು ಬರ್ತಾ ಉಂಟು. ಒಂದು ಸಿಲಿಂಡರಿಗೆ ಇಪ್ಪತ್ತೆರಡು ಲೀಟರ್.”

“ಹೌದಾ? ಹಾಗಾದರೆ ನಾಳೆಯಿಂದ ಬಾವಿಗೆ ಹೋಗುವುದು ಬೇಡ” ಎಂದು ತಂಗಿ ಕಿಟಕಿ ತೆರೆದಳು. ಇರಿಚಲು ಹೊಡೆದು ಒಲೆಯ ಉರಿ ಅಲುಗಿತು. ಮತ್ತೆ ಮುಚ್ಚಿದಳು.